ನೋವು ಎಷ್ಟಿದೆ ಎಂದು ಕೇಳುವ ಊರು

ಕೇರಳದ ಕಲ್ಲಿಕೋಟೆಯ ಹೊರವಲಯದಲ್ಲಿ ನಾವಿರುವ ಕಡೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದೆ. ಮೊನ್ನೆ ಅವರನ್ನು ಮಾತಾಡಿಸಲು ಹೋಗಿದ್ದಾಗ ಪಂಚಾಯಿತಿಯ ಪ್ಯಾಲಿಯೇಟಿವ್ ನರ್ಸ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಆರೈಕೆಯ ನರ್ಸ್, ಬಂದರು. ಬಿಪಿ ನೋಡುವ ಮೊದಲೇ ಕೇಳಿದರು: "ಮಾಷೇ, ನೋವು ಇವತ್ತು ಹತ್ತಕ್ಕೆ ಎಷ್ಟು?" ಮೇಷ್ಟ್ರು ಸ್ವಲ್ಪ ಯೋಚಿಸಿ, "ಕೂತಿದ್ದಾಗ ಮೂರು, ಮಗ್ಗುಲು ಬದಲಿಸಿದರೆ ಆರು" ಅಂದರು. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಮಲಬದ್ಧತೆ ಇದೆಯಾ, ವಾಕರಿಕೆ ನಿಂತಿತಾ, ಎಲ್ಲ ವಿಚಾರಿಸಿಕೊಂಡು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅವರ ಹೆಂಡತಿ ಹಳೆಯ ಡೈರಿಯಲ್ಲಿ ಹೊಸ ಹೊತ್ತುಗಳನ್ನು ಬರೆದುಕೊಂಡರು. ಅಲ್ಲಿದ್ದ ಯಾರಿಗೂ ಇದು ವಿಶೇಷ ಅನಿಸಲಿಲ್ಲ. ನನಗೆ ಮಾತ್ರ ಕೂತಲ್ಲೇ ಗಂಟಲು ಕಟ್ಟಿತು.

ಯಾಕೆಂದರೆ ಕರ್ನಾಟಕದ ನಮ್ಮ ಊರಲ್ಲಿ ದೊಡ್ಡಪ್ಪ ಇದೇ ಕಾಯಿಲೆಯಲ್ಲಿ ಹೋದರು. ಅವರಿಗೂ ಮೂಳೆಗೇ ಹಬ್ಬಿತ್ತು. ಕೊಟ್ಟದ್ದು ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಇಂಜೆಕ್ಷನ್, ಕಡೆಗೆ ಟ್ರಮಡಾಲ್. ಡೈಕ್ಲೋಫೆನಾಕ್ ಕಿಡ್ನಿಗೆ ತೊಂದರೆ ಮಾಡುತ್ತಿದೆ ಎಂದು ಗೊತ್ತಾಗಿ ಅದೂ ನಿಂತಿತು. ಮಾರ್ಫಿನ್ ಕೊಡಬಹುದಾ ಎಂದು ಅಣ್ಣ ಕೇಳಿದ್ದಕ್ಕೆ ಡಾಕ್ಟರಿಂದ ಬಂದ ಉತ್ತರ: "ಅದೆಲ್ಲ ನಾವು ಇಡಲ್ಲ. ಲೈಸೆನ್ಸು, ರಿಜಿಸ್ಟರು, ಲೆಕ್ಕ ತಪ್ಪಿದರೆ ಕೇಸು. ಮತ್ತೆ ಚಟ ಬೇರೆ ಹತ್ತುತ್ತೆ." ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಯಜಮಾನ್ರೇ, ಈ ಕಾಯಿಲೇಲಿ ನೋವು ಇದ್ದದ್ದೇ. ಸ್ವಲ್ಪ ಸಹಿಸ್ಕೋಬೇಕು" ಎಂದರಂತೆ. ಬದುಕಲು ಕೆಲವೇ ತಿಂಗಳಿರುವ ಮನುಷ್ಯನಿಗೆ ಚಟದ ಎಚ್ಚರಿಕೆ ಹೇಳಿದರಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆದರೆ ಡಾಕ್ಟರ ಮಾತಿಗಿಂತ ನನ್ನನ್ನು ಹೆಚ್ಚು ಕಾಡುವುದು ನಮ್ಮವರ ಮಾತು. ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ಹೇಳಿದ್ದು ಒಂದೇ: "ಎಂಥ ಜೀವ! ಅಷ್ಟು ನೋವಿದ್ದರೂ ಒಂದು ದಿನ ಅಯ್ಯೋ ಅನ್ನಲಿಲ್ಲ." ಅದು ಹೊಗಳಿಕೆ ಎಂದೇ ಎಲ್ಲರೂ ತಿಳಿದಿದ್ದರು. ಅಯ್ಯೋ ಅಂದಿದ್ದರೆ ಯಾರು ಏನು ಕೊಡುತ್ತಿದ್ದರು? ಹಣೆಬರಹ, ಪಡೆದುಕೊಂಡು ಬಂದದ್ದು, ಅನುಭವಿಸಿಯೇ ತೀರಬೇಕು ಎನ್ನುತ್ತಿದ್ದರು. ದೊಡ್ಡಮ್ಮ ಕೂಡ ಮಾತ್ರೆ ಕೇಳುವುದಕ್ಕೆ ಸಂಕೋಚಪಡುತ್ತಿದ್ದರು. ಪದೇ ಪದೇ ಕೇಳಿದರೆ ಡಾಕ್ಟರು ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಅಂಜಿಕೆ. ನಮ್ಮಲ್ಲಿ ನೋವು ಹೇಳಿಕೊಳ್ಳುವವನು ಹೇಡಿ, ನುಂಗಿಕೊಳ್ಳುವವನು ದೊಡ್ಡ ಮನುಷ್ಯ. ನೋವಿಗೆ ಮದ್ದು ಸಿಗದಿರುವುದಕ್ಕೆ ಕಾನೂನು ಎಷ್ಟು ಕಾರಣವೋ ಈ ದೊಡ್ಡಸ್ತಿಕೆಯೂ ಅಷ್ಟೇ ಕಾರಣ ಎಂದು ನನ್ನ ಗಟ್ಟಿ ನಂಬಿಕೆ. ಕೇಳುವವರೇ ಇಲ್ಲದ ಮಾತ್ರೆಯನ್ನು ತರಿಸಿಡುವ ತೊಂದರೆ ಯಾವ ಆಸ್ಪತ್ರೆ ತೆಗೆದುಕೊಳ್ಳುತ್ತದೆ?

ಕಾನೂನಿನ ತೊಡಕು ಸುಳ್ಳಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಮಾರ್ಫಿನ್ ತರಿಸಲು ಹಲವು ಇಲಾಖೆಗಳ ಲೈಸೆನ್ಸ್ ಬೇಕಾಯಿತು. ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಕೈಗೆ ಬರುತ್ತಿತ್ತು. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಅಫೀಮು ಬೆಳೆಸುತ್ತದೆ, ನೀಮಚ್ ಮತ್ತು ಘಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸುತ್ತದೆ, ಹೊರದೇಶಕ್ಕೂ ಕಳಿಸುತ್ತದೆ. ಅದರಿಂದಲೇ ತಯಾರಾಗುವ ಮಾತ್ರೆ ನಮ್ಮ ತಾಲ್ಲೂಕಿಗೆ ಬರಲಿಲ್ಲ.

ಅದೇ ಕಾನೂನು ಕೇರಳಕ್ಕೂ ಇತ್ತಲ್ಲ! 1993ರಲ್ಲಿ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಅರಿವಳಿಕೆ ತಜ್ಞ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಸೇರಿ ನೋವು ಮತ್ತು ಉಪಶಮನ ಆರೈಕೆಯ ಸೊಸೈಟಿ ಕಟ್ಟಿದರು. ಮೆಲ್ಲಗೆ ಊರೂರಿನ ಜನ ಸೇರಿಕೊಂಡರು: ಆಟೋದವರು, ವಿದ್ಯಾರ್ಥಿಗಳು, ಗೃಹಿಣಿಯರು. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ದೇಶದಲ್ಲಿ ಅದೇ ಮೊದಲು. ಹಾಗಾಗಿಯೇ ಇವತ್ತು ಪಂಚಾಯಿತಿಯ ನರ್ಸ್ ಮೇಷ್ಟ್ರ ಬಾಗಿಲಿಗೆ ಬರುತ್ತಾರೆ.

ಚಟದ ಹೆದರಿಕೆಯ ಬಗ್ಗೆಯೂ ನಾನು ಇಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ನೋವು ಬಂದ ಮೇಲೆ ನುಂಗುವುದಲ್ಲ, ಬರುವ ಮೊದಲೇ ಹೊತ್ತಿಗೆ ಸರಿಯಾಗಿ ನುಂಗಬೇಕು. ಜೊತೆಗೆ ಮಲಬದ್ಧತೆಗೆ ಮದ್ದು ಇರಲೇಬೇಕು. ಮೇಷ್ಟ್ರು ಹೀಗೆ ನುಂಗಿಕೊಂಡೇ ಬೆಳಿಗ್ಗೆ ಪೇಪರ್ ಓದುತ್ತಾರೆ, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ. ನಡುವೆ ಬೆನ್ನಿಗೆ ರೇಡಿಯೇಷನ್ ಕೊಟ್ಟಾಗ ನೋವು ಇಳಿಯಿತು. ಡಾಕ್ಟರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು, ಮೇಷ್ಟ್ರು ಇನ್ನಷ್ಟು ಬೇಕೆಂದು ಹಟ ಹಿಡಿಯಲಿಲ್ಲ. ಈಗ ನೋವು ಮತ್ತೆ ಏರಿದೆ, ಮಾತ್ರೆಯೂ ಏರಿದೆ. ದೊಡ್ಡಪ್ಪನಿಗೂ ಹೀಗೆ ಪೇಪರ್ ಓದುವ ಬೆಳಗುಗಳು ಸಿಗಬಹುದಿತ್ತು.

ನಮ್ಮಲ್ಲಿ ಏನೂ ಇಲ್ಲ ಎಂದರೆ ತಪ್ಪಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಮನ ಆರೈಕೆ ವಿಭಾಗವಿದೆ. ಅಲ್ಲಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ಆದರೆ ಮಗ್ಗುಲು ಬದಲಿಸಲಾಗದ ಮನುಷ್ಯನನ್ನು ರಾತ್ರಿಯಿಡೀ ಕಾರಿನಲ್ಲಿ ಬೆಂಗಳೂರಿಗೆ ಒಯ್ಯುವುದು ಹೇಗೆ?

ಎಲ್ಲ ನೋವಿಗೂ ಮಾರ್ಫಿನ್ ಉತ್ತರವಲ್ಲ ಎಂಬುದನ್ನೂ ಒಪ್ಪುತ್ತೇನೆ. ವರ್ಷಗಟ್ಟಲೆ ಸೊಂಟ ನೋವು, ನರದ ನೋವು ಇರುವವರಿಗೆ ಬೇರೆ ಮದ್ದು, ವ್ಯಾಯಾಮ, ಫಿಸಿಯೋಥೆರಪಿ ಬೇಕು. ಅಮೆರಿಕದಲ್ಲಿ ಇಂಥ ಮಾತ್ರೆಗಳನ್ನು ಧಾರಾಳವಾಗಿ ಬರೆದು ಎಷ್ಟು ಮನೆಗಳು ಹಾಳಾದವು, ಆಮೇಲೆ ಹೆದರಿ ಕಡಿತ ಮಾಡಿದಾಗ ನಿಜವಾಗಿ ನರಳುವವರು ಹೇಗೆ ಬೀದಿಪಾಲಾದರು ಎರಡೂ ಗೊತ್ತಿರುವುದೇ. ನಮ್ಮಲ್ಲಿ ಟ್ರಮಡಾಲ್ ದುರುಪಯೋಗವಾಗಿ 2018ರಲ್ಲಿ ಅದನ್ನೂ ಅದೇ ಮಾದಕ ವಸ್ತುಗಳ ಕಾಯ್ದೆಯಡಿ ತಂದರು. ಆ ಡಾಕ್ಟರ ಹೆದರಿಕೆ ಪೂರ್ತಿ ಆಧಾರವಿಲ್ಲದ್ದೇನಲ್ಲ. ಕೇರಳವೂ ಸ್ವರ್ಗವಲ್ಲ; ನರದ ನೋವಿನಿಂದ ಬಳಲುವ ನನ್ನ ಸಹೋದ್ಯೋಗಿ ಇಲ್ಲೇ ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತಿದ್ದಾರೆ, "ಎಲ್ಲ ಮನಸ್ಸಿನದು" ಎಂಬ ಮಾತನ್ನೂ ಕೇಳಿಸಿಕೊಂಡಿದ್ದಾರೆ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಲು ನನಗೆ ಕಷ್ಟವೇ. ಮೇಷ್ಟ್ರ ಮಗ ಗಲ್ಫಿನಲ್ಲಿದ್ದಾನೆ, ರಾತ್ರಿ ಅವರ ಹತ್ತಿರ ಇರುವುದು ಹೆಂಡತಿಯೊಬ್ಬರೇ. ದೊಡ್ಡಪ್ಪನ ಹತ್ತಿರ ಮನೆತುಂಬ ಜನರಿದ್ದರು, ಸರದಿಯಲ್ಲಿ ಎದ್ದು ಕಾಲು ಒತ್ತುತ್ತಿದ್ದರು. ಅಂಥ ಆರೈಕೆಯನ್ನು ಯಾವ ಪಂಚಾಯಿತಿಯೂ ಕೊಡಲಾರದು. ಅದರ ಜೊತೆಗೆ ಒಂದು ಮಾತ್ರೆಯೂ ಇದ್ದಿದ್ದರೆ ಅಂತ ಅನಿಸುತ್ತದೆ, ಅಷ್ಟೇ.

ಆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ನಂತರ ಹಲವು ಲೈಸೆನ್ಸಿನ ಗೋಳು ಕಡಿಮೆಯಾಗಿದೆ. ತರಬೇತಿ ಪಡೆದ ಒಬ್ಬ ಡಾಕ್ಟರ್ ಇದ್ದು, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಆಸ್ಪತ್ರೆ ಮಾರ್ಫಿನ್ ಇಡಬಹುದು. ಇದನ್ನು ಫೋನಿನಲ್ಲಿ ಅಣ್ಣನಿಗೆ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಸ್ತೆಗೆ, ನೀರಿಗೆ ಅರ್ಜಿ ಕೊಟ್ಟಿದ್ದೀವಿ. ನೋವಿಗೆ ಅಂತ ಯಾರಿಗೆ ಕೊಡೋದೋ?" ಅಂದ. ಜಿಲ್ಲಾ ಆರೋಗ್ಯಾಧಿಕಾರಿಗೆ, ಶಾಸಕರಿಗೆ, ಗ್ರಾಮಸಭೆಯಲ್ಲಿ, ಮೂರು ಕಡೆಗೂ ಕೊಡು ಎಂದೆ. ಒಕ್ಕಣೆ ನಾನೇ ಬರೆದು ಕಳಿಸುತ್ತೇನೆ.