ಕಾಡಿಗೆ ವಾಪಸ್ ಹೋಗಬೇಕಾದ ಮರಿಯನ್ನು ಹಚ್ಚಿಕೊಳ್ಳಬೇಕಾ, ಬೇಡವಾ?

ಗಾಯಗೊಂಡ, ತಾಯಿ ಕಳೆದುಕೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡಿ ಮತ್ತೆ ಹೊರಗೆ ಬಿಡುವ ಕೆಲಸದಲ್ಲಿ ಇರುವವರ ನಡುವೆ ಒಂದು ಜಗಳ ಮುಗಿಯುವುದೇ ಇಲ್ಲ. ಔಷಧಿ, ಆಹಾರದ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಹೇಗೋ ಬಗೆಹರಿಯುತ್ತದೆ. ಬಗೆಹರಿಯದ್ದು ಇದು: ಆರೈಕೆ ಮಾಡುವವರು ಆ ಪ್ರಾಣಿಯನ್ನು ಹಚ್ಚಿಕೊಳ್ಳಬಹುದಾ? ಹೆಸರಿಡಬಹುದಾ, ಮಾತಾಡಿಸಬಹುದಾ, ಸತ್ತರೆ ಕೂತು ಅಳಬಹುದಾ? ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ಬರೆದಿದ್ದೇನೆ. ನನ್ನ ಮನಸ್ಸು ಯಾವ ಕಡೆ ವಾಲುತ್ತದೆ ಅನ್ನುವುದು ಓದುತ್ತಾ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಪರ: ಹಚ್ಚಿಕೊಳ್ಳದೆ ಈ ಕೆಲಸ ಆಗುವುದಿಲ್ಲ

ಇನ್ನೂ ಕಣ್ಣು ಬಿಡದ ಅಳಿಲು ಮರಿಯೊಂದು ಕೈಗೆ ಬಂತು ಅಂದುಕೊಳ್ಳಿ. ಅದಕ್ಕೆ ಮೊದಲು ಬೇಕಾದದ್ದು ಬಿಸಿ, ಹಾಲು ಆಮೇಲೆ. ಮೈ ತಣ್ಣಗಿರುವಾಗ ಕುಡಿಸಿದ ಹಾಲು ಅರಗುವುದಿಲ್ಲ, ಅದರಿಂದಲೇ ಮರಿ ಸಾಯಬಹುದು. ಬೆಚ್ಚಗಾದ ಮೇಲೆ ಸಣ್ಣ ಸಿರಿಂಜಿನಲ್ಲಿ ಹನಿಹನಿಯಾಗಿ ಕುಡಿಸಬೇಕು, ಮಗುವಿನಂತೆ ಅಂಗಾತ ಮಲಗಿಸಬಾರದು, ಹೊಟ್ಟೆ ಕೆಳಗಾಗಿ ಹಿಡಿಯಬೇಕು. ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ ಕಂಡರೆ ತಕ್ಷಣ ನಿಲ್ಲಿಸಬೇಕು, ಯಾಕಂದರೆ ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಅದರ ಹಿಂಭಾಗವನ್ನು ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿದರೆ ಮಾತ್ರ ಆ ವಯಸ್ಸಿನ ಮರಿಗೆ ಉಚ್ಚೆ ಬರುವುದು, ತಾಯಿ ಇಲ್ಲವಲ್ಲ, ಆ ಕೆಲಸವೂ ನಮ್ಮದೇ. ಇಷ್ಟು ಮುಗಿಸಿ, ತೂಕ ಬರೆದಿಟ್ಟು, ಸಿರಿಂಜ್ ತೊಳೆಯುವಷ್ಟರಲ್ಲಿ ಮುಂದಿನ ಸರದಿ ಹತ್ತಿರ ಬಂದಿರುತ್ತದೆ. ರಾತ್ರಿಯೂ ಹಾಗೇ.

ಇದನ್ನೆಲ್ಲ ಮನಸ್ಸಿಲ್ಲದೆ ಬರೀ ಕೈಯಿಂದ ಮಾಡಿ ಅಂತ ಯಾರಿಗಾದರೂ ಹೇಳಲು ಆಗುತ್ತದಾ?

ಹೇಳಿದರೂ ಅದರಿಂದ ಮರಿಗೇ ನಷ್ಟ. ಕಾಡುಪ್ರಾಣಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಬೇಟೆಗೆ ಸಿಗುವ ಪ್ರಾಣಿ ತನ್ನ ದೌರ್ಬಲ್ಯ ತೋರಿಸಿದರೆ ಉಳಿಯುವುದಿಲ್ಲ, ಅದಕ್ಕೇ ಕೊನೆಯ ಗಳಿಗೆಯವರೆಗೂ ಏನೂ ಆಗಿಲ್ಲ ಅನ್ನುವಂತೆ ಕೂತಿರುತ್ತದೆ. ನಿನ್ನೆಗಿಂತ ಒಂದು ಹನಿ ಕಡಿಮೆ ಕುಡಿಯಿತು, ಇವತ್ತು ಕೂಗುವ ದನಿ ಸ್ವಲ್ಪ ಬೇರೆ ಥರ ಇದೆ, ಮೈ ಮುದುಡಿಕೊಳ್ಳುವ ರೀತಿ ಸರಿಯಿಲ್ಲ ಅನ್ನುವುದು ಗಮನಕ್ಕೆ ಬರುವುದು ಯಾರಿಗೆ? ಆ ಮರಿಯ ಮೇಲೆ ಜೀವ ಇಟ್ಟುಕೊಂಡವರಿಗೆ. ಪಟ್ಟಿ ನೋಡಿ ಟಿಕ್ ಹಾಕಿಕೊಂಡು ಹೋಗುವವರಿಗೆ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನು ಮರಿಯ ಕಡೆಯಿಂದ ನೋಡೋಣ. 1950ರ ದಶಕದಲ್ಲಿ ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞರು ರೀಸಸ್ ಕೋತಿ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ಅವುಗಳ ಮುಂದೆ ಎರಡು ಗೊಂಬೆ ಇಟ್ಟರು. ತಂತಿಯ ಗೊಂಬೆಯಲ್ಲಿ ಹಾಲಿತ್ತು, ಬಟ್ಟೆ ಸುತ್ತಿದ ಗೊಂಬೆಯಲ್ಲಿ ಏನೂ ಇರಲಿಲ್ಲ. ಮರಿಗಳು ಹಾಲು ಬೇಕಾದಾಗ ಮಾತ್ರ ತಂತಿಯ ಹತ್ತಿರ ಹೋಗಿ, ಮಿಕ್ಕ ಹೊತ್ತೆಲ್ಲ ಬಟ್ಟೆಯ ಗೊಂಬೆಯನ್ನು ತಬ್ಬಿಕೊಂಡೇ ಇದ್ದವು. ಆ ಪ್ರಯೋಗ ಕ್ರೂರವಾದದ್ದು, ಮತ್ತೆಂದೂ ಯಾರೂ ಮಾಡಬಾರದಂಥದ್ದು. ಆದರೆ ಅದು ತೋರಿಸಿಕೊಟ್ಟದ್ದನ್ನು ಮರೆತು ಅನಾಥ ಕೋತಿ ಮರಿಯ ಮುಂದೆ ಬಾಟಲಿಯನ್ನಷ್ಟೇ ಇಟ್ಟು ಬಂದರೆ ನಾವೂ ಅದೇ ಕ್ರೌರ್ಯ ಮಾಡಿದ ಹಾಗೆ.

ಆನೆಮರಿಗಳ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. ಕೀನ್ಯಾದಲ್ಲಿ ಡಾಫ್ನಿ ಶೆಲ್ಡ್ರಿಕ್ ಅವರು ಅನಾಥ ಆನೆಮರಿಗಳಿಗೆ ಒಗ್ಗುವ ಹಾಲು ತಯಾರಿಸಲು ವರ್ಷಗಟ್ಟಲೆ ಕಷ್ಟಪಟ್ಟರು. ಹಸುವಿನ ಹಾಲಿನ ಕೊಬ್ಬು ಅವಕ್ಕೆ ಆಗುತ್ತಿರಲಿಲ್ಲ, ಕೊನೆಗೆ ಕೈಹಿಡಿದದ್ದು ತೆಂಗಿನೆಣ್ಣೆ. ಆದರೆ ಹಾಲು ಸರಿಹೋದರೆ ಸಾಲದು ಅನ್ನುವುದೂ ಅವರಿಗೆ ಗೊತ್ತಾಯಿತು. ಅವರು ಕಟ್ಟಿದ ನೈರೋಬಿಯ ಕೇಂದ್ರದಲ್ಲಿ ಪಾಲಕರು ರಾತ್ರಿ ಎಳೆಯ ಮರಿಗಳ ಕೊಟ್ಟಿಗೆಯಲ್ಲೇ ಮಲಗುತ್ತಾರೆ. ಹಾಗೆ ಬೆಳೆದು ತ್ಸಾವೋ ಕಾಡು ಸೇರಿದ ಹೆಣ್ಣಾನೆಗಳು ಎಷ್ಟೋ ವರ್ಷದ ಮೇಲೆ, ಕಾಡಲ್ಲೇ ಹುಟ್ಟಿದ ತಮ್ಮ ಮರಿಯನ್ನು ಕರೆದುಕೊಂಡು ಅದೇ ಪಾಲಕರನ್ನು ನೋಡಲು ಬಂದಿವೆ. ಬಂದು, ಮತ್ತೆ ಕಾಡಿಗೇ ಹೋಗಿವೆ. ಪ್ರೀತಿ ಕೊಟ್ಟರೆ ಕಾಡು ಮರೆತೇ ಹೋಗುತ್ತದೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಕೊನೆಯದಾಗಿ ಮನುಷ್ಯರ ವಿಷಯ. ಯಾವುದೇ ಆರೈಕೆ ಕೇಂದ್ರಕ್ಕೆ ಬರುವ ಪ್ರಾಣಿಗಳಲ್ಲಿ ದೊಡ್ಡ ಪಾಲು ಉಳಿಯುವುದಿಲ್ಲ. ಕೆಲವು ಮೊದಲ ರಾತ್ರಿಯೇ ಹೋಗುತ್ತವೆ, ಕೆಲವಕ್ಕೆ ನಾವೇ ದಯಾಮರಣದ ಸೂಜಿ ಕೊಡಬೇಕಾಗುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಾಲ್ಕು ಜನ ಬಂದು ಕೂರುತ್ತಾರೆ, ಕೆಲಸಕ್ಕೆ ರಜೆ ಸಿಗುತ್ತದೆ. ಬಾವಲಿ ಮರಿ ಸತ್ತಿತು ಅಂತ ಹೇಳಿದರೆ "ಅಷ್ಟಕ್ಕೇ ಅಳ್ತಾ ಇದ್ದೀಯಾ?" ಅನ್ನುತ್ತಾರೆ. ಅದರ ಮೇಲೆ ಕೇಂದ್ರದಲ್ಲೂ "ಹಚ್ಚಿಕೊಳ್ಳಬೇಡ" ಅನ್ನುವ ನಿಯಮ ಇದ್ದರೆ ಆ ದುಃಖ ಎಲ್ಲಿಗೆ ಹೋಗಬೇಕು? 1990ರ ದಶಕದಲ್ಲಿ ದಾದಿಯರ ಬಗ್ಗೆ ಬರೆಯುವಾಗ ಬಳಕೆಗೆ ಬಂದ ಕಂಪ್ಯಾಶನ್ ಫಟೀಗ್ (ಬೇರೆಯವರ ನೋವಿಗೆ ಮರುಗಿ ಮರುಗಿ ಮನಸ್ಸು ಬಳಲಿಹೋಗುವುದು) ಅನ್ನುವ ಮಾತು ಇವತ್ತು ಪ್ರಾಣಿಗಳ ಆರೈಕೆ ಮಾಡುವವರ ಬಾಯಲ್ಲೂ ಇದೆ. ನಿದ್ದೆ ಬರುವುದಿಲ್ಲ, ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಒಂದು ದಿನ ಏನೂ ಅನ್ನಿಸುವುದೇ ನಿಂತುಹೋಗುತ್ತದೆ. ದುಃಖವನ್ನು ಒಳಗೇ ಅದುಮಿಟ್ಟವರು ಆ ಸ್ಥಿತಿಗೆ ಬೇಗ ತಲುಪುತ್ತಾರೆ. ಅತ್ತವರು ಮಾರನೇ ದಿನ ಮತ್ತೆ ಸಿರಿಂಜ್ ಹಿಡಿಯುತ್ತಾರೆ.

ಬಿಟ್ಟುಕೊಡುವುದು ಕಷ್ಟ ಅಲ್ವಾ ಅಂತ ಕೇಳುತ್ತಾರೆ. ಕಷ್ಟವೇ. ಕಷ್ಟ ಆಗುತ್ತದೆ ಅನ್ನುವ ಕಾರಣಕ್ಕೆ ಪ್ರೀತಿಯನ್ನೇ ಕೊಡದೆ ಇರುವುದು ಮರಿಗೆ ಮಾಡುವ ಉಪಕಾರ ಖಂಡಿತ ಅಲ್ಲ.

ವಿರೋಧ: ಹಚ್ಚಿಕೊಳ್ಳುವುದರಿಂದ ಹಿತ ಆಗುವುದು ನಮಗೆ, ಅದಕ್ಕಲ್ಲ

ಮೇಲಿನ ಮಾತುಗಳಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ಪ್ರಾಣಿಯ ಭಯದ ಬಗ್ಗೆ ಒಂದು ಮಾತೂ ಇಲ್ಲ, ನನಗೆ ಬೇಸರ ಅದಕ್ಕೇ.

ಜಿಂಕೆ ಮರಿಯೊಂದನ್ನು ಎತ್ತಿಕೊಂಡಾಗ ಅದು ಮಿಸುಕಾಡದೆ ತೋಳಲ್ಲಿ ಮಲಗಿರುತ್ತದೆ. "ನೋಡಿ, ಎಷ್ಟು ನಂಬಿಕೆ" ಅಂತ ಫೋಟೊ ತೆಗೆಯುತ್ತಾರೆ. ಅದು ನಂಬಿಕೆಯೇ ಅಲ್ಲ. ಕಣ್ಣು ಅಗಲವಾಗಿದೆ, ಉಸಿರು ಮೇಲೆಮೇಲೆ ಇದೆ, ಎದೆ ಒಂದೇ ಸಮ ಹೊಡೆದುಕೊಳ್ಳುತ್ತಿದೆ. ಹುಲಿ, ಚಿರತೆ ಹತ್ತಿರ ಬಂದಾಗ ಹುಲ್ಲಲ್ಲಿ ಅಲುಗಾಡದೆ ಬಿದ್ದುಕೊಳ್ಳುತ್ತದಲ್ಲ, ನಮ್ಮ ತೋಳಲ್ಲೂ ಅದನ್ನೇ ಮಾಡುತ್ತಿದೆ. ಜಿಂಕೆಯಂಥ ಪ್ರಾಣಿಗಳಲ್ಲಿ ಹಿಡಿದ, ಓಡಿಸಿದ, ಮುಟ್ಟಿದ ಗಾಬರಿಗೇ ಸ್ನಾಯುಗಳು ಕರಗಿ, ಮೂತ್ರಪಿಂಡ ಕೆಟ್ಟು, ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲಿ ಪ್ರಾಣ ಹೋಗುವುದುಂಟು. ಕ್ಯಾಪ್ಚರ್ ಮಯೋಪತಿ ಅಂತ ಪಶುವೈದ್ಯರು ಕರೆಯುವುದು ಇದನ್ನೇ. ಗಾಯ ವಾಸಿಯಾದ ಪ್ರಾಣಿಯೂ ಹೀಗೆ ಸತ್ತುಹೋಗಬಹುದು. ಇಂಥ ಪ್ರಾಣಿಯ ತಲೆ ಸವರಿ "ಹೆದರಬೇಡ ಕಂದ" ಅನ್ನುವುದರಿಂದ ಸಮಾಧಾನ ಆಗುವುದು ಸವರಿದವರಿಗೆ. ಅದಕ್ಕೆ ಬೇಕಾಗಿರುವುದು ಕತ್ತಲೆ, ಮೌನ, ಮುಚ್ಚಿದ ಡಬ್ಬ, ನಮ್ಮ ಮುಖ ಕಾಣದ ಹಾಗೆ ಒಂದು ಬಟ್ಟೆ.

ಎಷ್ಟೋ ಮರಿಗಳು ಅನಾಥವೇ ಆಗಿರುವುದಿಲ್ಲ ಅನ್ನುವುದು ಇನ್ನೊಂದು ಕಥೆ. ತಾಯಿ ಜಿಂಕೆ ಮೇಯಲು ಹೋಗುವಾಗ ಮರಿಯನ್ನು ಪೊದೆಯಲ್ಲಿ ಬಚ್ಚಿಟ್ಟು ಹೋಗುತ್ತದೆ. ಹಾರಲು ಕಲಿಯುವ ಹಕ್ಕಿಮರಿ ನೆಲದ ಮೇಲೆ ಕುಪ್ಪಳಿಸುತ್ತಿರುತ್ತದೆ, ಅಪ್ಪ ಅಮ್ಮ ಹತ್ತಿರದ ಕೊಂಬೆಯಲ್ಲೇ ಇರುತ್ತವೆ. ಮನುಷ್ಯರು ಮುಟ್ಟಿದರೆ ತಾಯಿಹಕ್ಕಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು, ಗೂಡಿಗೆ ವಾಪಸ್ ಇಟ್ಟರೆ ಸಾಮಾನ್ಯವಾಗಿ ಸಾಕುತ್ತವೆ. ಮನಸ್ಸು ಕರಗಿ ಮನೆಗೆ ತಂದದ್ದರಿಂದಲೇ ಅವು ಅನಾಥವಾಗುವುದು. ಈ ಒಂದು ವಿಷಯಕ್ಕೆ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಮುಂದಿನದು ಇನ್ನೂ ದೊಡ್ಡ ತೊಂದರೆ. ಮೊಟ್ಟೆಯಿಂದ ಹೊರಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡವರನ್ನೇ ತಾಯಿ ಅಂದುಕೊಂಡು ಹಿಂದೆ ಹೋಗುತ್ತವೆ ಅನ್ನುವುದನ್ನು ಕಾನ್ರಾಡ್ ಲೊರೆನ್ಜ್ 1930ರ ದಶಕದಲ್ಲೇ ವಿವರಿಸಿದ್ದರು. ಆ ಛಾಪು ಒಮ್ಮೆ ಬಿದ್ದರೆ ಅಳಿಸುವುದು ಬಹಳ ಕಷ್ಟ. ಅಮೆರಿಕದ ಮೃಗಾಲಯವೊಂದರಲ್ಲಿ 1960ರ ದಶಕದಲ್ಲಿ ಹುಟ್ಟಿದ ಟೆಕ್ಸ್ ಎಂಬ ಹೆಣ್ಣು ವೂಪಿಂಗ್ ಕ್ರೇನ್ ಇತ್ತು, ಸಾರಸದ ಕುಲದ್ದು. ಆ ಜಾತಿ ಆಗ ಅಳಿವಿನ ಅಂಚಿನಲ್ಲಿತ್ತು, ಹಾಗಾಗಿ ಮನುಷ್ಯರೇ ಜೋಪಾನವಾಗಿ ಬೆಳೆಸಿದರು. ದೊಡ್ಡದಾದ ಮೇಲೆ ಅದು ಗಂಡುಹಕ್ಕಿಗಳನ್ನು ಹತ್ತಿರ ಸೇರಿಸಲೇ ಇಲ್ಲ. ತನ್ನ ಜೋಡಿ ಮನುಷ್ಯ ಅಂತಲೇ ಅದರ ತಿಳುವಳಿಕೆ. ಜಾರ್ಜ್ ಆರ್ಚಿಬಾಲ್ಡ್ ಎಂಬ ಪಕ್ಷಿತಜ್ಞರು ವರ್ಷವರ್ಷವೂ ಅದರ ಜೊತೆ ಇದ್ದು, ಗಂಡುಹಕ್ಕಿಯ ಹಾಗೆ ಕುಣಿದು, ಅದು ಮೊಟ್ಟೆಯಿಡುವಂತೆ ಮಾಡಿದರು. ಕೃತಕ ಗರ್ಭಧಾರಣೆಯಿಂದ 1982ರಲ್ಲಿ ಒಂದು ಮರಿ ಆಯಿತು. ಎಲ್ಲರೂ ಇದನ್ನು ಮುದ್ದಾದ ಕಥೆ ಅಂತ ಹೇಳುತ್ತಾರೆ. ನನಗೆ ಆ ಹಕ್ಕಿಯ ಬದುಕೇ ಕಣ್ಣಮುಂದೆ ಬರುತ್ತದೆ. ಅಷ್ಟು ವರ್ಷ ಅದು ತನ್ನವರ ನಡುವೆಯೇ ಪರಕೀಯ ಆಗಿತ್ತು. ಕೇಡು ಮಾಡಬೇಕು ಅಂತ ಯಾರೂ ಮಾಡಿದ್ದಲ್ಲ, ಕಾಳಜಿಯಿಂದಲೇ ಆದದ್ದು.

ಅದಕ್ಕೇ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳನ್ನು ಸಾಕಿದವರು ಬೇರೆ ದಾರಿ ಹಿಡಿದರು. 1982ರಲ್ಲಿ ಜಗತ್ತಿನಲ್ಲಿ ಉಳಿದದ್ದು 22 ಮಾತ್ರ. ಮರಿಗಳಿಗೆ ಊಟ ಕೊಡುವಾಗ ಕೈಗೆ ರಣಹದ್ದಿನ ತಲೆಯ ಗೊಂಬೆ ತೊಟ್ಟು, ತಮ್ಮ ಮುಖ ಕಾಣಿಸದೆ ಕೊಟ್ಟರು. ಅಷ್ಟು ಎಚ್ಚರ ವಹಿಸಿದರೂ ಮೊದಮೊದಲು ಬಿಟ್ಟ ಹಕ್ಕಿಗಳು ಮನುಷ್ಯರ ಹತ್ತಿರ ಸುಳಿದವು, ವಿದ್ಯುತ್ ಕಂಬದ ಮೇಲೆ ಕೂತು ಸತ್ತವು. ಇವತ್ತು ಅವುಗಳ ಸಂಖ್ಯೆ 500 ದಾಟಿದೆ. ಆ ಮರಿಗಳನ್ನು ಎತ್ತಿ ಮುದ್ದಾಡಬೇಕು ಅಂತ ಆ ಕೆಲಸಗಾರರಿಗೆ ಅನ್ನಿಸಿರಲಿಲ್ಲವಾ? ಖಂಡಿತ ಅನ್ನಿಸಿರುತ್ತದೆ. ಅವರು ಆಸೆ ತಡೆದುಕೊಂಡದ್ದೂ ಪ್ರೀತಿಯೇ, ಆದರೆ ಅದು ಪ್ರಾಣಿಯ ಮೈಮೇಲೆ ಕೈಯಾಡಿಸುವ ಪ್ರೀತಿ ಅಲ್ಲ.

ಪರ ವಾದದವರು ಶೆಲ್ಡ್ರಿಕ್ ಅವರ ಆನೆಗಳ ಕಥೆಯನ್ನು ಅರ್ಧ ಹೇಳಿದರು. ಇನ್ನರ್ಧ ಹೀಗಿದೆ. ಆಯೇಷಾ ಎಂಬ ಎಳೆಯ ಆನೆಮರಿಯನ್ನು ಶೆಲ್ಡ್ರಿಕ್ ಒಬ್ಬರೇ ಬೆಳೆಸುತ್ತಿದ್ದರು, ಅದು ಅವರನ್ನು ಬಿಟ್ಟು ಇರುತ್ತಿರಲಿಲ್ಲ. ಮಗಳ ಮದುವೆಗೆ ಅವರು ಕೆಲವು ದಿನ ದೂರ ಹೋಗಬೇಕಾಯಿತು. ಮರಿ ಊಟ ಬಿಟ್ಟಿತು, ಸೊರಗಿತು, ಸತ್ತಿತು. ಒಬ್ಬರನ್ನೇ ಹಚ್ಚಿಕೊಳ್ಳಲು ಬಿಟ್ಟದ್ದು ತಪ್ಪಾಯಿತು ಅನ್ನುವುದು ಅವರಿಗೆ ಅರ್ಥವಾಯಿತು. ಆಮೇಲೆ ಆ ಕೇಂದ್ರದಲ್ಲಿ ಪಾಲಕರು ಸರದಿ ಬದಲಾಯಿಸುತ್ತಾ ಮಲಗುವ ಪದ್ಧತಿ ಬಂತು, ಇವತ್ತು ಒಬ್ಬರಾದರೆ ನಾಳೆ ಇನ್ನೊಬ್ಬರು. ಆನೆ, ಕೋತಿಯಂಥ ಪ್ರಾಣಿಗಳಿಗೆ ಒಡನಾಟ ಬೇಕು, ಒಪ್ಪುತ್ತೇನೆ. ಅದನ್ನು ಹಂಚಿ ಕೊಡಬೇಕು, ಸಾಧ್ಯವಾದಷ್ಟು ಬೇಗ ಅದೇ ಜಾತಿಯ ಬೇರೆ ಮರಿಗಳ ಕೈಗೆ ಒಪ್ಪಿಸಬೇಕು. ಗೂಬೆಗೆ, ಜಿಂಕೆಗೆ, ನರಿಗೆ ಅದೇ ಲೆಕ್ಕ ಹಾಕಬಾರದು. ಪಳಗಿದ ನರಿ ಹೊರಗೆ ಹೋದರೆ ಮೊದಲು ಕಂಡ ಮನುಷ್ಯನ ಹತ್ತಿರ ಓಡಿ ಬರುತ್ತದೆ. ಆ ಮನುಷ್ಯನ ಕೈಯಲ್ಲಿ ಕೋಲಿರುತ್ತದೆ.

ಹಚ್ಚಿಕೊಂಡವರಿಗೇ ಗಮನ ಜಾಸ್ತಿ ಅನ್ನುತ್ತಾರೆ. 2000ನೇ ಇಸವಿಯ ಜೂನ್‌ನಲ್ಲಿ ಕೇಪ್ ಟೌನ್ ಹತ್ತಿರ ಟ್ರೆಷರ್ ಎಂಬ ಹಡಗು ಮುಳುಗಿ ಸುಮಾರು 19,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿಕೊಂಡಿತು. ಸಾವಿರಾರು ಸ್ವಯಂಸೇವಕರು ಬಂದರು. ಪೆಂಗ್ವಿನ್ ಮುದ್ದಾಗಿ ನಿಲ್ಲುವ ಹಕ್ಕಿಯೇನಲ್ಲ, ಚರ್ಮ ಕಿತ್ತುಬರುವ ಹಾಗೆ ಕಚ್ಚುತ್ತದೆ. ಯಾರಿಗೂ ಯಾವ ಹಕ್ಕಿಯ ಗುರುತೂ ಇರಲಿಲ್ಲ, ಹೆಸರಿಡಲು ಪುರುಸೊತ್ತೂ ಇರಲಿಲ್ಲ. ತೊಳೆದರು, ಮೀನು ತಿನ್ನಿಸಿದರು, ತೂಕ ನೋಡಿದರು, ಬಿಟ್ಟರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಹಕ್ಕಿಗಳು ಸಮುದ್ರಕ್ಕೆ ವಾಪಸ್ ಹೋದವು.

ಇನ್ನು ಎಲ್ಲಕ್ಕಿಂತ ಕಷ್ಟದ ವಿಷಯ, ದಯಾಮರಣ. ಕೀಲಿನ ಹತ್ತಿರವೇ ರೆಕ್ಕೆಯ ಮೂಳೆ ಮುರಿದ ಗೂಬೆ ಬರುತ್ತದೆ. ಮೂಳೆ ಕೂಡಿಕೊಂಡರೂ ಕೀಲು ಬಿಗಿಯಾಗಿ ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಪೂರ್ತಿ ಬಿಚ್ಚದ ರೆಕ್ಕೆಯಲ್ಲಿ ಸದ್ದಿಲ್ಲದೆ ಎರಗಿ ಇಲಿ ಹಿಡಿಯಲು ಆಗುವುದಿಲ್ಲ. ಮೊದಲ ದಿನವೇ ಎಕ್ಸ್‌ರೇ ನೋಡಿ ವೈದ್ಯರು ಹೇಳಿಬಿಡುತ್ತಾರೆ. ಆದರೆ ಅಷ್ಟರಲ್ಲಿ ಯಾರೋ ಅದಕ್ಕೆ ಹೆಸರಿಟ್ಟಿರುತ್ತಾರೆ. ಇನ್ನೊಂದು ವಾರ ನೋಡೋಣ ಅನ್ನುತ್ತಾರೆ, ಆಮೇಲೆ ಇನ್ನೊಂದು ವಾರ. ಆ ವಾರಗಳನ್ನೆಲ್ಲ ನೋವಿನಲ್ಲಿ, ಪಂಜರದ ಮೂಲೆಯಲ್ಲಿ ಕಳೆಯುವುದು ಗೂಬೆ. 2019ರ ಕೊನೆಯಲ್ಲಿ ಆಸ್ಟ್ರೇಲಿಯಾದ ಕಾಳ್ಗಿಚ್ಚಿನಿಂದ ಮಹಿಳೆಯೊಬ್ಬರು ತಮ್ಮ ಅಂಗಿಯಲ್ಲೇ ಸುತ್ತಿ ಹೊರತಂದ ಲೂಯಿಸ್ ಎಂಬ ಕೊಆಲಾ ನೆನಪಿದೆಯಾ? ಆ ವಿಡಿಯೊ ನೋಡಿ ಜಗತ್ತೇ ಅದು ಬದುಕಲಿ ಅಂತ ಬೇಡಿಕೊಂಡಿತ್ತು. ಸುಟ್ಟಗಾಯ ವಾಸಿಯಾಗುವುದಿಲ್ಲ ಅಂತ ಗೊತ್ತಾದಾಗ ಆಸ್ಪತ್ರೆಯವರು ಕೆಲವೇ ದಿನಗಳಲ್ಲಿ ಅದಕ್ಕೆ ದಯಾಮರಣ ಕೊಟ್ಟರು. ಅಷ್ಟು ಜನರ ಕಣ್ಣೀರಿನ ಎದುರು ಅದನ್ನು ಮಾಡಲು ಎಷ್ಟು ಗಟ್ಟಿ ಮನಸ್ಸು ಬೇಕಾಗಿರಬಹುದು. ಅವರು ಮಾಡಿದ್ದು ಸರಿ ಅಂತ ಆವತ್ತೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಹಾಗಂತ ಆರೈಕೆ ಮಾಡುವವರು ಕಲ್ಲಾಗಿ ಅಂತ ಯಾರೂ ಹೇಳುತ್ತಿಲ್ಲ. ದುಃಖಕ್ಕೆ ಜಾಗ ಬೇಕು ಅನ್ನುವುದು ಸರಿ, ಆ ಜಾಗ ಪ್ರಾಣಿಯ ಪಂಜರದೊಳಗೆ ಬೇಡ. ಹಾಲು ಕುಡಿಸಿದವರ ಮೇಲೇ ದಯಾಮರಣದ ನಿರ್ಧಾರ ಹೊರಿಸಬೇಡಿ, ಅದನ್ನು ಇನ್ನೊಬ್ಬರು ನೋಡಿ ತೀರ್ಮಾನಿಸಲಿ. ಒಂದೇ ಮರಿಗೆ ಒಬ್ಬರನ್ನೇ ಹಾಕಬೇಡಿ. ಮರಿಗಳು ಬರುವ ಕಾಲ ಮುಗಿದ ಮೇಲೆ ಪೂರ್ತಿ ರಜೆ ಕೊಡಿ, ಫೋನ್ ಬೇರೆಯವರ ಕೈಯಲ್ಲಿರಲಿ. ಸಂಜೆ ಕೆಲಸ ಮುಗಿದಾಗ ಇವತ್ತು ಯಾವುದು ಹೋಯಿತು, ನೀನು ಹೇಗಿದ್ದೀಯಾ ಅಂತ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಇರಲಿ. ಇಷ್ಟೂ ಇಲ್ಲದ ಕಡೆಗಳಲ್ಲೇ ಜನ ರಾತ್ರಿ ಒಬ್ಬರೇ ಕೂತು ಮರಿಯನ್ನು ಎದೆಗವಚಿಕೊಳ್ಳುವುದು. ಅವರನ್ನು ಬೈದರೆ ಏನೂ ಪ್ರಯೋಜನವಿಲ್ಲ, ಆ ಸರದಿಗೆ ಇನ್ನೊಬ್ಬರನ್ನು ಹುಡುಕಿ.