ದಿನಕ್ಕೆ ನಾಲ್ಕೇ ನಾಯಿ

ಕಳೆದ ವಾರ ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟೊಂದರಿಂದ ಕರೆ ಮಾಡಿದವರು, ಅದೇ ಸಂಜೆ ಬಂದು ತಮ್ಮ ಶಿಹ್ ತ್ಸು ನಾಯಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸಿಕೊಡಬೇಕೆಂದು ಕೇಳಿದರು. ಅಂದಿನ ನಾಲ್ಕು ನಾಯಿಗಳು ಆಗಲೇ ಗೊತ್ತಾಗಿದ್ದುದರಿಂದ ಐದನೆಯದನ್ನು ಒಪ್ಪಿಕೊಳ್ಳಲಾರೆ ಎಂದೆ. ಎರಡು ಪಟ್ಟು ಹಣ ಕೊಡುವುದಾಗಿ ಹೇಳಿದರು. ಆಗಲೂ ಒಪ್ಪದಿದ್ದಾಗ, ಮನೆಬಾಗಿಲಿಗೆ ಬಂದ ಲಕ್ಷ್ಮಿಯನ್ನು ಹೀಗೆ ಹಿಂದಕ್ಕೆ ಕಳಿಸಬಾರದು ಎಂದು ಬೇಸರದಿಂದಲೇ ಫೋನ್ ಇಟ್ಟರು. ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹಲವರು ನನಗೆ ಹೇಳಿದ್ದಾರೆ. ಫೋನಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಗಾಡಿಯಲ್ಲಿ ನಡೆಯುವ ಗ್ರೂಮಿಂಗ್, ಅಂದರೆ ನಾಯಿಗಳ ಸ್ನಾನ, ಕೂದಲು, ಉಗುರುಗಳ ಆರೈಕೆ. 2019ರಲ್ಲಿ ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಸ್ಟೀಲಿನ ತೊಟ್ಟಿ, ಏರಿಸಿ ಇಳಿಸಬಹುದಾದ ಮೇಜು, 250 ಲೀಟರಿನ ನೀರಿನ ಟ್ಯಾಂಕು, ಬಳಸಿದ ನೀರನ್ನು ಹಿಡಿದಿಡಲು ಇನ್ನೊಂದು ಟ್ಯಾಂಕು, ಗೀಸರ್, ಕೂದಲು ಒಣಗಿಸುವ ಬ್ಲೋವರ್ ಮತ್ತು ಇವನ್ನೆಲ್ಲ ನಡೆಸುವ ಜನರೇಟರನ್ನು ಕೂರಿಸಿಕೊಂಡು ಕೆಲಸ ಆರಂಭಿಸಿದೆ. ಗುರುತಿಲ್ಲದ ಹತ್ತು ನಾಯಿಗಳ ಬೊಗಳಾಟ ಕೇಳುತ್ತ ಪಂಜರದಲ್ಲಿ ಕುಳಿತು ಸರದಿ ಕಾಯುವ ಸಂಕಟ ನಾಯಿಗೆ ತಪ್ಪುತ್ತದೆ ಎಂಬುದೇ ಈ ವ್ಯವಸ್ಥೆಯ ದೊಡ್ಡ ಗುಣ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಬೆಂಗಳೂರಿನ ರಸ್ತೆಯೇ ವಸೂಲಿ ಮಾಡುತ್ತದೆ. ಸಂಜೆಯ ಹೊತ್ತು ರಾಜಾಜಿನಗರದಿಂದ ಹೊರಟು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದು ನಾಯಿಯ ಕೆಲಸ ಮುಗಿಸುವಷ್ಟು ಸಮಯ ಹೋಗಿರುತ್ತದೆ. ಅದಕ್ಕಾಗಿ ಒಂದು ದಿನ ಮಲ್ಲೇಶ್ವರ ಮತ್ತು ರಾಜಾಜಿನಗರ, ಇನ್ನೊಂದು ದಿನ ಜಯನಗರ ಮತ್ತು ಬನಶಂಕರಿ ಎಂದು ಊರನ್ನು ಹಂಚಿಕೊಂಡಿದ್ದೇನೆ.

ರಸ್ತೆಯೊಂದೇ ಕಾರಣವಾಗಿದ್ದರೆ ಇನ್ನೊಂದು ಗಾಡಿ ಕೊಂಡು ಪರಿಹರಿಸಿಕೊಳ್ಳಬಹುದಿತ್ತು. ನಿಜವಾದ ಕಾರಣ ಕೂದಲಿನಲ್ಲಿದೆ. ಶಿಹ್ ತ್ಸು, ಲಾಸಾ ಆಪ್ಸೊ, ಪೂಡಲ್‌ಗಳ ಕೂದಲು ಮನುಷ್ಯರ ಕೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಉದುರಿದ ಎಳೆಗಳು ಕೆಳಕ್ಕೆ ಬೀಳದೆ ಉಳಿದ ಕೂದಲಿನಲ್ಲೇ ಸಿಕ್ಕಿಕೊಳ್ಳುತ್ತವೆ. ಕಿವಿಯ ಹಿಂದೆ, ಮುಂಗಾಲಿನ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ಮೊದಲು ಸಿಕ್ಕಾಗಿ, ಆಮೇಲೆ ಜಡೆಗಟ್ಟಿ, ಕೊನೆಗೆ ಚರ್ಮಕ್ಕೆ ಅಂಟಿದ ಕಂಬಳಿಯ ತುಂಡಿನಂತಾಗುತ್ತದೆ. ಮೇಲಿನಿಂದ ನೋಡಿದರೆ ನಾಯಿ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಮನೆಯವರ ಬ್ರಷ್ ಓಡಿರುವುದು ಮೇಲ್ಮೈಯಲ್ಲಿ ಮಾತ್ರ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಅದು ಇನ್ನಷ್ಟು ಬಿಗಿಯುತ್ತದೆ, ಶ್ಯಾಂಪೂ ಒಳಗೇ ಉಳಿಯುತ್ತದೆ, ಒದ್ದೆ ಆರುವುದಿಲ್ಲ, ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಆದ್ದರಿಂದ ಸ್ನಾನಕ್ಕೆ ಮುಂಚೆ ಬೇರಿನ ಬಳಿ ಕೂದಲನ್ನು ಬೆರಳಿನಿಂದ ಹಿಡಿದುಕೊಂಡು, ಚರ್ಮ ಎಳೆಯದಂತೆ, ತುದಿಯಿಂದ ಬುಡದ ಕಡೆಗೆ ಒಂದೊಂದೇ ಗಂಟನ್ನು ಬಿಡಿಸಬೇಕು. ಈ ಕೆಲಸಕ್ಕೇ ಕೆಲವೊಮ್ಮೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಗಂಟು ತೀರ ಬಿಗಿದಿದ್ದರೆ ಬಿಡಿಸುವುದೇ ಹಿಂಸೆ. ಆಗ ಚಿಕ್ಕದಾಗಿ ಕತ್ತರಿಸಿಬಿಡುವುದು ದಯೆಯ ದಾರಿ. ಮೊದಲೇ ಇದನ್ನು ತಿಳಿಸಿದಾಗ ಅಳುವ ಮನೆಯವರನ್ನೂ ನೋಡಿದ್ದೇನೆ. ಕೂದಲು ಮತ್ತೆ ಬೆಳೆಯುತ್ತದೆ ಎಂದು ಕೂತು ಸಮಾಧಾನ ಹೇಳುವುದಕ್ಕೂ ಸಮಯ ಬೇಕು.

ಆರಂಭದ ವರ್ಷದಲ್ಲಿ ನಾನೂ ದಿನಕ್ಕೆ ಏಳು ನಾಯಿಗಳನ್ನು ಒಪ್ಪಿಕೊಳ್ಳುತ್ತಿದ್ದೆ. ಗಾಡಿಯ ಸಾಲದ ಕಂತು ತಲೆಯ ಮೇಲಿತ್ತು. ಜುಲೈ ತಿಂಗಳ ಒಂದು ಮೋಡದ ಸಂಜೆ ಜಯನಗರದ ಮನೆಯೊಂದರಲ್ಲಿ ಏಳನೆಯ ನಾಯಿಯಾಗಿ ಬಂದದ್ದು ಗೋಲ್ಡನ್ ರಿಟ್ರೀವರ್. ಆ ತಳಿಗೆ ಎರಡು ಪದರ ಕೂದಲು: ಮೇಲೆ ಒರಟು ಕೂದಲು, ಕೆಳಗೆ ಹತ್ತಿಯಂತಹ ದಟ್ಟ ಒಳಪದರ. ಮೇಲಿನ ಪದರ ಆರಿ ಮಿನುಗುತ್ತಿದ್ದುದನ್ನು ಕಂಡು ಬ್ಲೋವರ್ ಆರಿಸಿದೆ. ಬೆರಳನ್ನು ಒಳಕ್ಕಿಟ್ಟು ಪರೀಕ್ಷಿಸಲಿಲ್ಲ. ಮೂರನೆಯ ದಿನ ಮನೆಯವರು ಕಳಿಸಿದ ಚಿತ್ರದಲ್ಲಿ ಕೆನ್ನೆಯ ಕೆಳಗೆ ಅಂಗೈಯಗಲದ ಹಸಿ ಹುಣ್ಣಿತ್ತು. ಒಳಪದರದಲ್ಲಿ ಉಳಿದ ತೇವದಿಂದ ತುರಿಕೆ ಹುಟ್ಟಿ, ಅದು ಕೆರೆದು ಕೆರೆದು ಗಾಯ ಮಾಡಿಕೊಂಡಿತ್ತು. ಪಶುವೈದ್ಯರ ಖರ್ಚನ್ನು ನಾನೇ ಭರಿಸಿದೆ. ಅದಾದ ಮೇಲೂ ಆ ನಾಯಿ ನನ್ನನ್ನು ಕಂಡಾಗ ಬಾಲವಾಡಿಸುತ್ತಲೇ ಬಂದದ್ದು ಇವತ್ತಿಗೂ ನನ್ನ ಗಂಟಲು ಕಟ್ಟಿಸುತ್ತದೆ. ಆ ವಾರವೇ ದಿನಕ್ಕೆ ನಾಲ್ಕು ಎಂಬ ಮಿತಿ ಹಾಕಿಕೊಂಡೆ.

ಬೇಸಿಗೆ ಬಂತೆಂದರೆ ಹಸ್ಕಿ, ಗೋಲ್ಡನ್, ಜರ್ಮನ್ ಶೆಫರ್ಡ್ ಸಾಕಿದವರು, ಪಾಪ ಸೆಕೆಯಾಗುತ್ತದೆ, ಪೂರ್ತಿ ಬೋಳಿಸಿಬಿಡಿ ಎನ್ನುತ್ತಾರೆ. ಅವರ ಕಳಕಳಿ ನಿಜವಾದದ್ದು, ಆದರೆ ತಿಳಿವಳಿಕೆ ತಪ್ಪು. ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಅದು ನಾಲಿಗೆ ಚಾಚಿ ಏದುಸಿರು ಬಿಡುವ ಮೂಲಕ ಮೈಯ ಬಿಸಿಯನ್ನು ಹೊರಹಾಕುತ್ತದೆ. ಎರಡು ಪದರದ ಕೂದಲು ಚಳಿಯನ್ನು ತಡೆಯುವಂತೆ ಬಿಸಿಲಿನ ಝಳವನ್ನೂ ತಡೆಯುತ್ತದೆ. ಬೋಳಿಸಿದರೆ ಚರ್ಮ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ, ಕೂದಲು ಮೊದಲಿನಂತೆ ಬೆಳೆಯದಿರುವುದೂ ಉಂಟು. ಮಾಡಬೇಕಾದದ್ದು ಒಳಪದರದಲ್ಲಿ ಸತ್ತು ನಿಂತ ಕೂದಲನ್ನು ಬಾಚಿ ತೆಗೆದು ಗಾಳಿಯಾಡುವಂತೆ ಮಾಡುವುದು. ಬೋಳಿಸಲು ಅರ್ಧ ಗಂಟೆ ಸಾಕು; ಬಾಚಿ ತೆಗೆಯಲು ಎರಡು ಗಂಟೆ ಬೇಕು. ದಿನಕ್ಕೆ ಎಂಟು ನಾಯಿಗಳ ಗುರಿ ಇಟ್ಟುಕೊಂಡವರ ಕೈ ಯಾವುದಕ್ಕೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಗ್ ಮತ್ತು ಬುಲ್‌ಡಾಗ್‌ಗಳ ವಿಷಯದಲ್ಲಂತೂ ಅವಸರ ಪ್ರಾಣಾಪಾಯವೇ. ಚಪ್ಪಟೆ ಮೂಗಿನ ಅವುಗಳಿಗೆ ಉಸಿರಾಟವೇ ಕಷ್ಟ. ಬಿಸಿಗಾಳಿಯ ಮುಂದೆ ಕಟ್ಟಿ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋಗುವಂತಿಲ್ಲ. (ನಮ್ಮ ನಾಡಿನ ಮುಧೋಳ ನಾಯಿಗೆ ಇಂಥ ಯಾವ ತೊಡಕೂ ಇಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಆ ತಳಿಗೆ ರಬ್ಬರ್ ಬ್ರಷ್ಷಿನಿಂದ ಹತ್ತು ನಿಮಿಷ ಉಜ್ಜಿದರೆ ಮೈ ರೇಷ್ಮೆಯಂತಾಗುತ್ತದೆ. ನಮ್ಮ ಹವೆಗೆ ಹೊಂದುವ ತಳಿಯನ್ನು ಸಾಕಿ ಎಂದು, ಕೇಳಿದವರಿಗೆಲ್ಲ ಹೇಳುತ್ತೇನೆ.)

ಉಗುರಿನ ಕಥೆಯೂ ಇದೇ. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ಸಣ್ಣ ಸಣ್ಣ ಚೂರಾಗಿ ಕತ್ತರಿಸುತ್ತ ಹೋಗಬೇಕು. ಒಮ್ಮೆ ನೋವಾದ ನಾಯಿ ಮುಂದೆಂದೂ ಸುಲಭವಾಗಿ ಕಾಲು ಕೊಡುವುದಿಲ್ಲ.

ಕೈ ನಿಧಾನವಾಗಿ ಓಡಿದರೆ ಮಾತ್ರ ಸಿಗುವ ಇನ್ನೊಂದು ವಿಷಯವಿದೆ. ಮೈಯ ಪ್ರತಿ ಅಂಗುಲವನ್ನೂ ಮುಟ್ಟುವ ಕೆಲಸ ನನ್ನದಾದ್ದರಿಂದ ಚರ್ಮದ ಕೆಳಗಿನ ಗಡ್ಡೆ, ಕಿವಿಯ ದುರ್ವಾಸನೆ, ಕಾಲ್ಬೆರಳ ಸಂದಿನ ಉಣುಗು ಬಹಳ ಸಲ ಮೊದಲು ಸಿಗುವುದು ನನ್ನ ಬೆರಳಿಗೆ. ಉಣುಗಿನಿಂದ ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಸೋಂಕುಗಳನ್ನೇ ನಾವು ಟಿಕ್ ಫೀವರ್ ಎನ್ನುವುದು. ತಡವಾದರೆ ರಕ್ತದ ಕಣಗಳು ಕುಸಿದು ನಾಯಿ ಸಾಯಬಹುದು. ಹೆಣ್ಣು ಉಣುಗು ರಕ್ತ ಕುಡಿದು ಕೆಳಗೆ ಬಿದ್ದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುವುದರಿಂದ, ನಾಯಿಯ ಮೈ ತೊಳೆದಷ್ಟಕ್ಕೇ ಅದು ತೊಲಗುವುದಿಲ್ಲ, ಮನೆಯನ್ನೂ ನೋಡಿಕೊಳ್ಳಬೇಕು. ನಾನು ಔಷಧಿ ಕೊಡುವುದಿಲ್ಲ, ನಾಯಿ ಸುಮ್ಮನಿರಲಿ ಎಂದು ಮತ್ತಿನ ಮಾತ್ರೆಯನ್ನಂತೂ ಮುಟ್ಟುವುದಿಲ್ಲ. ಅದು ಪಶುವೈದ್ಯರ ಕೆಲಸ. ಕಂಡದ್ದನ್ನು ಬರೆದು ಮನೆಯವರ ಕೈಗೆ ಕೊಡುತ್ತೇನೆ.

2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ, ಟ್ಯಾಂಕರಿಗೆ ಸಾಲು ನಿಂತ ಜನರ ಎದುರು ನಾಯಿಗೆ ನೀರು ಸುರಿಯಲು ನನಗೆ ಮನಸ್ಸು ಬರಲಿಲ್ಲ. ಎರಡು ತಿಂಗಳು ನಾಲ್ಕನ್ನು ಎರಡಕ್ಕಿಳಿಸಿ, ಉಳಿದವಕ್ಕೆ ಬಾಚುವುದು, ಉಗುರು, ಕಿವಿ ಇಷ್ಟನ್ನೇ ಮಾಡಿದೆ. ಚೆನ್ನಾಗಿ ಬಾಚಿದ ನಾಯಿಗೆ ಅರ್ಧದಷ್ಟು ನೀರು ಸಾಕೆಂಬುದನ್ನು ಕಲಿತದ್ದು ಆಗಲೇ.

ನಾನು ಈ ಕೆಲಸ ಆರಂಭಿಸಿದಾಗ ತರಬೇತಿ ಪಡೆದಿದ್ದೀಯಾ ಎಂದು ಯಾರೂ ಕೇಳಲಿಲ್ಲ, ಒಂದು ಪ್ರಮಾಣಪತ್ರವನ್ನೂ ನೋಡಲಿಲ್ಲ. ಮಾತು ಬಾರದ ಜೀವದ ಕಿವಿಯ ಪಕ್ಕ ಬ್ಲೇಡು ಹಿಡಿಯುವವರಿಗೆ ಕಡ್ಡಾಯ ತರಬೇತಿ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅದು ಬರುವವರೆಗೆ ನಿಮ್ಮ ಕೈಯಲ್ಲಿರುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ನಾಯಿ ಮಾಡುತ್ತೀರಿ ಎಂದು ಕೇಳಿ, ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆಯೇ ನೋಡಿ.

ಸರ್ಜಾಪುರ ರಸ್ತೆಯವರಿಗೆ ಶನಿವಾರ ಬೆಳಗ್ಗೆ ಏಳು ಗಂಟೆಗೆ ಸಮಯ ಕೊಟ್ಟು ಸಂದೇಶ ಕಳಿಸಿದ್ದೇನೆ, ಒಪ್ಪಿಕೊಂಡಿದ್ದಾರೆ. ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ, ಸ್ಟೀಲಿನ ಬಾಚಣಿಗೆಯಿಂದ, ಕೂದಲನ್ನು ಪದರ ಪದರವಾಗಿ ಬೇರ್ಪಡಿಸಿ ಚರ್ಮ ಕಾಣುವಂತೆ ಬಾಚಿರಿ, ಕಿವಿಯ ಹಿಂಭಾಗವನ್ನು ಮರೆಯಬೇಡಿ ಎಂದೂ ಬರೆದಿದ್ದೇನೆ.