ಮೂರು ಎಕರೆ ಹೋಗಿ 20 ಗುಂಟೆ ಆಯ್ತು

ಮಗಳ ಓದಿನ ವೀಸಾಗೆ ನೆಟ್ ವರ್ತ್ ಸರ್ಟಿಫಿಕೇಟ್ ಬೇಕಿತ್ತು. ಮಂಡ್ಯದಲ್ಲಿ ಆಡಿಟರ್ ಹತ್ತಿರ ಹೋದೆ. "ನಿಮ್ಮದು ಅನ್ನೋದೆಲ್ಲ ಕೂಡಿ, ಕೊಡಬೇಕಾದ್ದೆಲ್ಲ ಕಳೀರಿ. ಉಳಿದದ್ದೇ ನೆಟ್ ವರ್ತ್" ಅಂದರು. ಇಷ್ಟೇನಾ ಅನ್ನಿಸಿತು. ಎರಡು ಕೋಟಿ ಹತ್ತಿರದ ಕುಳ ನಾನು ಅಂದುಕೊಂಡೇ ಕೂತಿದ್ದೆ.

ಮೊದಲ ಏಟು ಪಹಣಿಯಿಂದ ಬಿತ್ತು. ನಾಲೆ ನೀರಿನ ಮೂರು ಎಕರೆ ಗದ್ದೆ ಇದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಖಾತೆ ಮಾತ್ರ ಇನ್ನೂ ತಾತನ ಹೆಸರಲ್ಲೇ ಇದೆ. ತಾತನಿಗೆ ಮೂವರು ಮಕ್ಕಳು, ಅಪ್ಪನ ಪಾಲು ಒಂದು ಎಕರೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಆ ಎಕರೆಯಲ್ಲಿ ನನಗೆಷ್ಟೋ ತಂಗಿಗೂ ಅಷ್ಟೇ. ನನ್ನದು 20 ಗುಂಟೆ.

ಗದ್ದೆ 20 ಲಕ್ಷ, ಮನೆ 45, ಒಡವೆ 6, ಪಿಎಫ್ 9. ಒಟ್ಟು 80. ಇನ್ನು ಕಳೆಯೋದು. ಮನೆ ಸಾಲ 17 ಬಾಕಿ. ಒಡವೆ ಮೇಲೆ 2 ಲಕ್ಷ ತಂದಿದ್ದೇನೆ (ಮನೆಯವಳು ಇದನ್ನು ಓದಲ್ಲ ಅಂದುಕೊಂಡಿದ್ದೇನೆ). ಚೀಟಿಯನ್ನು ನಾನು ಉಳಿತಾಯ ಅಂತ ಬರೆಸಲು ಹೋದೆ. "ಎತ್ತಿ ಆಯ್ತಲ್ಲ? ಇನ್ನು ಉಳಿದ ಕಂತೆಲ್ಲ ಸಾಲವೇ" ಅಂದರು. ಅದು 3 ಲಕ್ಷ. ಕೊನೆಗೆ ಸಿಕ್ಕಿದ್ದು 58 ಲಕ್ಷ. ಸ್ನೇಹಿತನ ಸಾಲಕ್ಕೆ ಹಾಕಿದ ಜಾಮೀನು ಇದರಲ್ಲಿ ಕಳೆದಿಲ್ಲ. ಅವನು ಕಟ್ಟದಿದ್ದರೆ ಅದೂ ನನ್ನ ತಲೆಗೇ.

ಚುನಾವಣೆಗೆ ನಿಲ್ಲುವವರು ಅಫಿಡವಿಟ್‌ನಲ್ಲಿ ಆಸ್ತಿ, ಸಾಲ ಎರಡೂ ಬರೆಯಲೇಬೇಕು. ನಾವು ಓದೋದು ಆಸ್ತಿ ಮಾತ್ರ. ಹೆಣ್ಣು ಕೊಡುವಾಗಲೂ ಹಾಗೇ, ಎಷ್ಟು ಎಕರೆ ಅಂತ ಕೇಳುತ್ತೇವೆ, ಸೊಸೈಟಿಯಲ್ಲಿ ಎಷ್ಟು ಬಾಕಿ ಅಂತ ಕೇಳಲ್ಲ.

ಇದೇ ಹುರುಪಿನಲ್ಲಿ ಭಾಮೈದನ ಆಲೆಮನೆ ಲೆಕ್ಕಕ್ಕೂ ಕೂತೆ. "ವರ್ಷಕ್ಕೆ 60 ಲಕ್ಷ ವಹಿವಾಟು ಭಾವ" ಅಂದ. ವಹಿವಾಟು ಕೈ ಮೇಲೆ ಹರಿದು ಹೋಗುವ ನೀರು, ಅಲ್ವಾ? ಗಾಣ, ಕೊಪ್ಪರಿಗೆ, ಶೆಡ್ಡು ಈಗ ಮಾರಿದರೆ 6 ಲಕ್ಷ. ಕೊಂಡ ಬೆಲೆ ಹಿಡಿಯೋ ಹಾಗಿಲ್ಲ, ಸವೆದಿದೆ. ಮಂಡಿಯಿಂದ 4 ಲಕ್ಷ ಬರಬೇಕು, ಅದರಲ್ಲಿ ಒಂದೂವರೆ ಲಕ್ಷ ಎರಡು ವರ್ಷದಿಂದ ಬಂದಿಲ್ಲ. ಅದನ್ನು ಹೊಡೆದು ಹಾಕಿದೆ. ಕಬ್ಬಿನವರಿಗೆ ಮೂರೂವರೆ ಕೊಡಬೇಕು, ಬ್ಯಾಂಕಿಗೆ 5. ಕೂಡಿ ಕಳೆದರೆ ಸೊನ್ನೆ.

"ಜಾಗದ ರೇಟು ಏರಿಲ್ವಾ?" ಅಂದ. ಜಾಗ ಬಾಡಿಗೆದು! ಸ್ವಂತದ್ದಾಗಿ, ಕಂಪನಿಯೇ ಆಗಿದ್ದರೂ 2013ರ ಕಂಪನಿ ಕಾಯ್ದೆ ಪ್ರಕಾರ ಆಸ್ತಿಗೆ ಹೊಸ ಬೆಲೆ ಕಟ್ಟಿ ಬಂದ ಏರಿಕೆ ನೆಟ್ ವರ್ತ್‌ಗೆ ಸೇರಲ್ಲ. ಇವನದು ಒಬ್ಬನದೇ ವ್ಯಾಪಾರ, ಆಲೆಮನೆ ಸಾಲ ಮನೆಗೂ ಬರುತ್ತೆ. ಅಷ್ಟು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ರಾತ್ರಿ ತಂಗಿಗೆ ಫೋನ್ ಮಾಡಿದೆ. "ಗದ್ದೇಲಿ 20 ಗುಂಟೆ ನಿಂದು ಕಣಮ್ಮ" ಅಂದೆ.

"ಈಗ ಗೊತ್ತಾಯ್ತಾ ಅಣ್ಣ?" ಅಂದಳು.